ದಿನಕ್ಕೊಂದು ಮುಖ: ಭಾವಚಿತ್ರ ಬರೆಯುತ್ತಾ ಚಿತ್ರಕಲೆ ಕಲಿಯುವುದು ಹೇಗೆ?

[ದೃಶ್ಯ: ಖಾಲಿ ಹಾಳೆ. ಪೆನ್ಸಿಲ್ ಮೊದಲು ಒಂದು ಮರವನ್ನು, ಪಕ್ಕದಲ್ಲಿ ಒಂದು ಮುಖವನ್ನು ಬರೆಯುತ್ತದೆ]

ಮರ ಬರೆಯುವಾಗ ಒಂದು ಕೊಂಬೆ ಅತ್ತಿತ್ತ ಸರಿದರೆ ಯಾರಿಗೂ ತಿಳಿಯುವುದಿಲ್ಲ. ಮುಖದಲ್ಲಿ ಕಣ್ಣು ಕೂದಲೆಳೆಯಷ್ಟು ಸರಿದರೂ ಅದು ಬೇರೆ ಯಾರದೋ ಮುಖವಾಗಿಬಿಡುತ್ತದೆ. ಪೆನ್ಸಿಲ್ ಹಿಡಿದು ಗೊತ್ತಿಲ್ಲದವರೂ “ಯಾಕೋ ಹೋಲುತ್ತಿಲ್ಲವಲ್ಲ” ಎನ್ನುತ್ತಾರೆ. ದಿನವೂ ಭಾವಚಿತ್ರ ಬರೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ನಮ್ಮ ತಪ್ಪನ್ನು ಇಷ್ಟು ಬೇಗ ತೋರಿಸಿಕೊಡುವ ವಸ್ತು ಇನ್ನೊಂದಿಲ್ಲ.

[ದೃಶ್ಯ: ತಲೆಯ ಆಕಾರ, ಅದರ ನಡುವೆ ಒಂದು ಅಡ್ಡಗೆರೆ]

ಕಲಿಯುವವರ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಕಣ್ಣಿನ ಜಾಗದ್ದು. ನೆತ್ತಿಯಿಂದ ಗದ್ದದವರೆಗೆ ಅಳೆದರೆ ವಯಸ್ಕರ ಕಣ್ಣುಗಳು ಹೆಚ್ಚುಕಡಿಮೆ ನಟ್ಟನಡುವೆ ಇರುತ್ತವೆ. ಮಕ್ಕಳಲ್ಲಿ ಇನ್ನೂ ಕೆಳಗೆ. ಆದರೆ ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿಗಳ ಮೇಲೆ. ಅವನ್ನು ದೊಡ್ಡದಾಗಿ ಬರೆದು, ಹಣೆಯನ್ನೂ ನೆತ್ತಿಯನ್ನೂ ಕುಗ್ಗಿಸಿಬಿಡುತ್ತೇವೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನಷ್ಟು ಅಗಲ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇವು ಆರಂಭಕ್ಕೆ ಬೇಕಾದ ಅಳತೆಗಳು ಮಾತ್ರ. ಎದುರಿಗಿರುವವರು ಈ ಅಳತೆಯಿಂದ ಎಲ್ಲಿ ಬೇರೆಯಾಗುತ್ತಾರೋ ಅಲ್ಲಿಯೇ ಹೋಲಿಕೆ ಹುಟ್ಟುತ್ತದೆ. ನನಗೆ ಭಾವಚಿತ್ರದಲ್ಲಿ ಅತ್ಯಂತ ಪ್ರಿಯವಾದ ಘಳಿಗೆ ಅದೇ.

[ದೃಶ್ಯ: ಅರೆಮುಚ್ಚಿದ ಕಣ್ಣಿನಿಂದ ನೋಡಿದಂತೆ ಮಸುಕಾಗುವ ಮುಖ]

ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ಹತ್ತು ನಿಮಿಷ ರೆಪ್ಪೆಗೂದಲಿನ ಆಸೆ ಬೇಡ. ಬೆಳಕು ಒಂದೇ ಕಡೆಯಿಂದ ಬೀಳುವಂತೆ ನೋಡಿಕೊಳ್ಳಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ: ವಿವರಗಳು ಕರಗಿ ನೆರಳಿನ ಆಕಾರಗಳು ಮಾತ್ರ ಉಳಿಯುತ್ತವೆ. ಅವನ್ನು ಮೊದಲು ಬರೆಯಿರಿ. ಬೆಳಕು ಮೇಲಿನಿಂದ ಬಿದ್ದರೆ ಸಾಮಾನ್ಯವಾಗಿ ಮೇಲ್ದುಟಿ ಕೆಳದುಟಿಗಿಂತ ಗಾಢವಾಗಿ ಕಾಣುತ್ತದೆ. ಕಣ್ಣಿನ ಬಿಳಿಭಾಗವೂ ಪೂರ್ತಿ ಬಿಳಿಯಲ್ಲ, ರೆಪ್ಪೆಯ ನೆರಳು ಅದರ ಮೇಲಿರುತ್ತದೆ. ಅದನ್ನು ಬಿಳಿಯಾಗಿಯೇ ಬಿಟ್ಟರೆ ನೋಟ ದಿಟ್ಟಿಸಿದಂತಾಗುತ್ತದೆ.

ಎದುರಿಗೆ ಕೂರಲು ಯಾರೂ ಸಿಗದಿದ್ದರೆ ಕನ್ನಡಿ ಇದೆ. ಡಚ್ ಚಿತ್ರಕಾರ ವ್ಯಾನ್ ಗೋ ಪ್ಯಾರಿಸ್‌ನಲ್ಲಿದ್ದ 1886ರಿಂದ 1888ರವರೆಗಿನ ಅವಧಿಯಲ್ಲಿ 20ಕ್ಕೂ ಹೆಚ್ಚು ಬಾರಿ ತನ್ನದೇ ಮುಖವನ್ನು ಚಿತ್ರಿಸಿದ. ರೂಪದರ್ಶಿಗಳಿಗೆ ಕೊಡಲು ಅವನ ಬಳಿ ಹಣವಿರಲಿಲ್ಲ. ಫೋಟೊ ನೋಡಿ ಬರೆಯುವುದಾದರೆ ಸೆಲ್ಫಿ ಬೇಡ. ಕ್ಯಾಮೆರಾ ತೀರಾ ಹತ್ತಿರವಿದ್ದಾಗ ಮೂಗು ಇರುವುದಕ್ಕಿಂತ ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ.

[ದೃಶ್ಯ: ಒಂದೇ ಮುಖದ ಹಲವು ಕೋನಗಳು]

ದಿನವೂ ಹೊಸ ಮುಖವೇ ಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ವಾರ ಒಂದೇ ಮುಖವನ್ನು ಬರೆಯಿರಿ, ಕೋನವನ್ನು ಮಾತ್ರ ಬದಲಿಸಿ. ತಲೆ ತಗ್ಗಿಸಿದಾಗ ಕಿವಿಗಳು ಕಣ್ಣಿಗಿಂತ ಮೇಲೇರಿದಂತೆ ಕಾಣುತ್ತವೆ, ತಲೆಯೆತ್ತಿದಾಗ ಕೆಳಗಿಳಿದಂತೆ. ತಲೆ ಒಂದು ಗೋಳ, ಚಪ್ಪಟೆ ಹಾಳೆಯಲ್ಲ ಎಂಬುದು ಕೈಗೆ ಹತ್ತುವುದು ಹೀಗೆಯೇ.

ಮುಗಿದ ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಎಡ ಬಲವಾದಾಗ ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದ ಓರೆಗಳೆಲ್ಲ ಎದ್ದು ಕಾಣುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಚಿತ್ರದ ಕೆಳಗೆ ದಿನಾಂಕದೊಂದಿಗೆ ಬರೆದಿಡಿ: “ಎಡಗಣ್ಣು ಮೇಲಾಯಿತು”, “ಗದ್ದ ಉದ್ದವಾಯಿತು”. ಮರುದಿನ ಅದೊಂದನ್ನೇ ಸರಿಪಡಿಸಲು ಕುಳಿತುಕೊಳ್ಳಿ. ಉಳಿದ ತಪ್ಪುಗಳು ತಮ್ಮ ಸರದಿಗೆ ಕಾಯಲಿ.