ಕುದುರೆಮುಖದ ಹುಲ್ಲಿನ ಪರವಾಗಿ

ಕೇಳುಗರೇ, ನಮಸ್ಕಾರ.

ಕುದುರೆಮುಖಕ್ಕೆ ಮೊದಲ ಸಲ ಹೋದವರು ಒಂದು ಮಾತು ಕೇಳುತ್ತಾರೆ. "ರಾಷ್ಟ್ರೀಯ ಉದ್ಯಾನ ಅಂತೀರಿ, ಗುಡ್ಡದ ಮೇಲೆ ಮರಾನೇ ಇಲ್ವಲ್ಲ?" ನಿಜ. ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲು. ಇವತ್ತು ನಾನು ಆ ಹುಲ್ಲಿನ ಪರವಾಗಿ ಮಾತಾಡಲು ಬಂದಿದ್ದೇನೆ.

ಗುಡ್ಡದ ನೆತ್ತಿ ನೋಡಿದ ಮೇಲೆ ಎರಡು ಗುಡ್ಡ ಕೂಡುವ ಮಡಿಕೆಯನ್ನೂ ನೋಡಿ. ಅಲ್ಲಿ ಕಡುಹಸಿರು ಕಾಡು ಒತ್ತೊತ್ತಾಗಿ ನಿಂತಿರುತ್ತದೆ. ಅದು ಶೋಲಾ. ಮರಗಳು ಗಿಡ್ಡ, ಕೊಂಬೆ ತುಂಬ ಪಾಚಿ. ಹುಲ್ಲು ಮತ್ತು ಶೋಲಾ ಬೇರೆ ಬೇರೆ ಅಲ್ಲ, ಒಂದೇ ಸಂಸಾರ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಷ್ಟೂ ನೀರು ಮಣ್ಣು ಕೊಚ್ಚಿಕೊಂಡು ಓಡದ ಹಾಗೆ ಹುಲ್ಲಿನ ಬೇರು ಹಿಡಿದಿಡುತ್ತದೆ. ನೆಲಕ್ಕೆ ಇಂಗಿದ ನೀರು ಆಮೇಲೆ ಶೋಲಾದ ಕೊರಕಲಿನಲ್ಲಿ ಮೆಲ್ಲಗೆ ಜಿನುಗುತ್ತದೆ.

ಆ ಜಿನುಗು ಎಲ್ಲಿಗೆ ಹೋಗುತ್ತದೆ ಗೊತ್ತಾ? ಇದೇ ಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಒಂದೇ ಬೆಟ್ಟದ ಮಳೆ, ಎರಡು ಸಮುದ್ರ! ಹೊಸಪೇಟೆಯ ಅಣೆಕಟ್ಟೆ ನೀರಿನಲ್ಲಿ ಬತ್ತ ಬೆಳೆಯುವವರಿಗೂ ಈ ಹುಲ್ಲಿಗೂ ನಂಟಿದೆ ಅಲ್ವಾ?

ಇದೇ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರೂ ಇದೆ. ಅದಕ್ಕಾಗಿ ವರ್ಷಗಟ್ಟಲೆ ಅಗೆದರು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೂ ಅಗೆತ ನಿಲ್ಲಲಿಲ್ಲ. ಜನ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಗಣಿಯ ಹೂಳು ತುಂಬಿಕೊಂಡ ಲಕ್ಯಾ ಅಣೆಕಟ್ಟೆ ಈಗಲೂ ಅಲ್ಲಿದೆ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೋಡಲು ಏನೇನಿದೆ ಅಂತೀರಾ? ಕದಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಸಿಗುತ್ತದೆ. ಹನುಮನಗುಂಡಿಗೆ ಮೆಟ್ಟಿಲು ಇಳಿಯಬೇಕು. ನಡೆಯುವ ಶಕ್ತಿ ಇದ್ದರೆ ಸಂಸೆ ಕಡೆಯ ಮುಳ್ಳೋಡಿಯಿಂದ ಶಿಖರ ಹತ್ತಿ. ಎತ್ತರ 1890 ಮೀಟರಿಗೂ ಜಾಸ್ತಿ, ಹೋಗಿ ಬರಲು ಸುಮಾರು 20 ಕಿಲೋಮೀಟರ್. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಮಳೆಗಾಲದಲ್ಲಾದರೆ ಇಂಬಳದ ಕಾಟ ಇದ್ದದ್ದೇ. ಕಾಡಿನಲ್ಲಿ ಸಿಂಗಳೀಕ ಕಂಡರೆ ನಿಮ್ಮ ಪುಣ್ಯ. ಕಪ್ಪು ಮುಖ, ಸುತ್ತಲೂ ಬೂದು ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ದಯವಿಟ್ಟು ಅದಕ್ಕೆ ಬಿಸ್ಕೆಟ್ ಎಸೆಯಬೇಡಿ.

ದಾರಿ ಬಿಟ್ಟು ಹುಲ್ಲು ತುಳಿಯಬೇಡಿ. ನಡುವೆ ಎಲ್ಲಾದರೂ ಶೋಲಾದ ಅಂಚಿನಲ್ಲಿ ಐದು ನಿಮಿಷ ಸುಮ್ನೆ ನಿಲ್ಲಿ. ನೀರು ಕಾಣಿಸದಿದ್ದರೂ ಕೇಳಿಸುತ್ತದೆ.

ನಮಸ್ಕಾರ.