ಶೇಕ್ ಅಂದರೆ ಯಾವ ಶೇಕ್?

ಬಾಳೆಹಣ್ಣು, ಹಾಲು, ಸಕ್ಕರೆ. ಉಳಿದದ್ದು ನೀವೇ ನೋಡುತ್ತಿದ್ದೀರಿ. ಹೆಸರು ಮಿಲ್ಕ್‌ಶೇಕ್, ಆದರೆ ನಾನು ಏನನ್ನೂ ಕುಲುಕಿಲ್ಲ. ಮೊದಲೆಲ್ಲ ಮುಚ್ಚಳ ಹಾಕಿ ಕುಲುಕಿಯೇ ಮಾಡುತ್ತಿದ್ದರು. 1922ರ ಹೊತ್ತಿಗೆ ಅಮೆರಿಕದಲ್ಲಿ ಬ್ಲೆಂಡರ್ ಬಂತು, ಹೆಸರು ಹಾಗೇ ಉಳಿಯಿತು.

ಈ ಪದ ಮೊನ್ನೆಯಿಂದ ತಲೆಯಲ್ಲೇ ಕೂತಿದೆ. ಮಗನಿಗೆ ಜ್ವರ ಬಂದಿತ್ತು. ನಾನು ಆಫೀಸಿಗೆ ಹೋದರೆ ಅಮ್ಮನೇ ಸಿರಪ್ ಕುಡಿಸುತ್ತಿದ್ದರು. ಎರಡನೇ ದಿನ ಸಂಜೆ ನೋಡುತ್ತೇನೆ, ಬಾಟಲಿಯಲ್ಲಿ ಮೇಲೆ ತಿಳಿ, ತಳದಲ್ಲಿ ಬಿಳಿ ಗಸಿ! ಅಂಥ ಸಿರಪ್‌ನಲ್ಲಿ ಔಷಧಿಯ ಪುಡಿ ಕರಗಿರುವುದಿಲ್ಲ. ಸುಮ್ನೆ ಇಟ್ಟರೆ ತಳಕ್ಕೆ ಇಳಿಯುತ್ತದೆ. ಕುಲುಕದೆ ಕೊಟ್ಟರೆ ಮೊದಮೊದಲು ಔಷಧಿ ಕಡಿಮೆ ಹೋಗುತ್ತದೆ, ಕೊನೆಗೆ ಜಾಸ್ತಿ. ಮಕ್ಕಳಿಗೆ ಎಂಎಲ್ ಲೆಕ್ಕದಲ್ಲಿ ಕೊಡುವುದು ಅಲ್ವಾ?

'ಶೇಕ್ ವೆಲ್ ಬಿಫೋರ್ ಯೂಸ್' ಅಂತ ಬರೆದಿತ್ತು. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ. ನಮ್ಮಮ್ಮ ಕನ್ನಡ ಪೇಪರನ್ನು ಒಂದು ಸಾಲು ಬಿಡದೆ ಓದುವವರು. 'ಕುಡಿಸುವ ಮುಂಚೆ ಚೆನ್ನಾಗಿ ಕುಲುಕಿ.' ನಾಲ್ಕೇ ಪದ. ಅಷ್ಟು ಜಾಗ ಇಲ್ವಾ ಆ ಲೇಬಲ್‌ನಲ್ಲಿ? ನನಗೆ ಈಗಲೂ ಸಿಟ್ಟು ಇಳಿದಿಲ್ಲ. "ನಂಗೇನು ಗೊತ್ತು ಪುಟ್ಟಿ" ಅಂದರು ಅಮ್ಮ. ಬಾಟಲಿ ಹಿಡಿದಿದ್ದ ಕೈ ನಡುಗುತ್ತಿತ್ತು.

ಆ ನಡುಕಕ್ಕೂ ಇಂಗ್ಲಿಷಿನಲ್ಲಿ ಶೇಕ್ ಅನ್ನಬಹುದು. ನಾವು ಬಾಟಲಿ ಕುಲುಕುತ್ತೇವೆ, ಬೆಡ್‌ಶೀಟ್ ಒದರುತ್ತೇವೆ, ಮಾವಿನ ಕೊಂಬೆ ಅಲ್ಲಾಡಿಸುತ್ತೇವೆ. ಇಂಗ್ಲಿಷಿನವರಿಗೆ ಇದೆಲ್ಲವೂ ಶೇಕ್. ಹಾಡು ಹಿಡಿಸಿದರೆ ತಲೆದೂಗುತ್ತೇವೆ. ಅವರು ತಲೆಯನ್ನು ಶೇಕ್ ಮಾಡಿದರೆ 'ಇಲ್ಲ' ಅಂತ ಅರ್ಥ! ಇಂಗ್ಲಿಷ್ ಎಂಥ ಬಡ ಭಾಷೆ ಅಂತ ಮೊನ್ನೆ ರೇಗಿದ್ದೆ. ಇಲ್ಲ, ಅದು ಸರಿಯಲ್ಲ. ಅವರು ಚಳಿಗೆ ಶಿವರ್ ಅನ್ನುತ್ತಾರೆ, ಹೆದರಿಕೆಗೆ ಟ್ರೆಂಬಲ್ ಅನ್ನುತ್ತಾರೆ. ನಮಗೆ ಎರಡಕ್ಕೂ ನಡುಕವೇ. ಮತ್ತೆ ಈ ಟೇಬಲ್, ಒಂದು ಕಾಲು ಗಿಡ್ಡ, ಅದಕ್ಕೇ ಕ್ಯಾಮೆರಾ ಹೀಗೆ ಓಲಾಡುತ್ತಿದೆ. ಇದು ವಾಬಲ್. ಎಷ್ಟು ಸರಿಯಾದ ಪದ! ಕಾಲಿನ ಕೆಳಗೆ ರಟ್ಟು ಇಡಬೇಕು.

ಅಯ್ಯೋ, ಮಿಕ್ಸಿ ಆಗಲೇ ನಿಂತಿದೆ. ಮಗ ಲೋಟ ಹಿಡಿದು ಕಾಯುತ್ತಿದ್ದಾನೆ. ಜ್ವರ ಬಿಟ್ಟಿದೆ, ಹಸಿವೆ ಬಂದಿದೆ. ಕಪಾಟಿನಲ್ಲಿ ಆ ಬಾಟಲಿ ಕಾಣಿಸುತ್ತಿದೆಯಾ? ಮೇಲೆ ಬಿಳಿ ಟೇಪ್ ಸುತ್ತಿದ್ದೇನೆ, ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದೇನೆ: 'ಅಮ್ಮ, ಕುಲುಕಿ.'