ಅಗ್ಗದ ಮೈನಿಂಗ್ ರಿಗ್ ಮತ್ತು ಕರೆಂಟ್ ಬಿಲ್ಲು

ಕೇಳುಗರಿಗೆ ನಮಸ್ಕಾರ.

ಕಡಿಮೆ ಖರ್ಚಿನಲ್ಲಿ ಕ್ರಿಪ್ಟೊ ಮೈನಿಂಗ್ ರಿಗ್, ಅಂದರೆ ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕಂಪ್ಯೂಟರ್, ಕಟ್ಟಲು ಹೊರಟವರು ಸಾಮಾನ್ಯವಾಗಿ ಬಿಡಿಭಾಗಗಳ ಬೆಲೆಯನ್ನಷ್ಟೇ ಕೂಡುತ್ತಾರೆ. ಹಳೆಯ ಗ್ರಾಫಿಕ್ಸ್ ಕಾರ್ಡುಗಳು, ಸಾಧಾರಣ ಪ್ರೊಸೆಸರ್, ಒಂದು ಚೌಕಟ್ಟು. ಆದರೆ ಇವಕ್ಕೆ ದುಡ್ಡು ಕೊಡುವುದು ಒಂದೇ ಸಲ, ಕರೆಂಟಿಗೆ ಪ್ರತಿ ತಿಂಗಳೂ ಕೊಡಬೇಕು.

ಒಂದು ಲೆಕ್ಕ ಹಾಕೋಣ. ಆರು ಕಾರ್ಡು, ತಲಾ 130 ವ್ಯಾಟ್, ಒಟ್ಟು 780. ಮದರ್‌ಬೋರ್ಡು, ಫ್ಯಾನುಗಳಿಗೆ 60 ಸೇರಿದರೆ 840. ಪವರ್ ಸಪ್ಲೈಯ ದಕ್ಷತೆ ಶೇಕಡಾ 88 ಎಂದಿಟ್ಟುಕೊಂಡರೆ ಪ್ಲಗ್ಗಿನಿಂದ ಎಳೆಯುವುದು ಸುಮಾರು 955 ವ್ಯಾಟ್. ಹಗಲೂ ರಾತ್ರಿ ಓಡಿದರೆ 30 ದಿನಕ್ಕೆ ಸುಮಾರು 690 ಯೂನಿಟ್. ಬಳಕೆ ಹೆಚ್ಚಿದಂತೆ ದರವೂ ಏರುವ ಕಡೆ ಇದರ ಬಹುಪಾಲು ಮೇಲಿನ ದರಕ್ಕೇ ಬೀಳುತ್ತದೆ. ಸರಾಸರಿ ದರ ಹಿಡಿದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ.

ಆದ್ದರಿಂದ ಕಾರ್ಡು ಕೊಳ್ಳುವಾಗ ಬೆಲೆಗಿಂತ ಮೊದಲು ಒಂದು ವ್ಯಾಟಿಗೆ ಎಷ್ಟು ಹ್ಯಾಶ್, ಅಂದರೆ ಸೆಕೆಂಡಿಗೆ ಎಷ್ಟು ಲೆಕ್ಕದ ಪ್ರಯತ್ನ, ಕೊಡುತ್ತದೆ ಎಂದು ನೋಡಿ. ವೋಲ್ಟೇಜ್ ತುಸು ಇಳಿಸಿದರೆ ಅನೇಕ ಕಾರ್ಡುಗಳಲ್ಲಿ ವೇಗ ಅಷ್ಟಾಗಿ ಕುಗ್ಗದೆ ಕರೆಂಟು ಉಳಿಯುತ್ತದೆ.

ಇನ್ನು ವರಮಾನ. ಇದು ನಮ್ಮ ಕೈಯಲ್ಲಿಲ್ಲ. ಬಿಟ್‌ಕಾಯಿನ್ ಜಾಲದಲ್ಲಿ ವಹಿವಾಟುಗಳ ಒಂದು ಕಂತೆಗೆ ಬ್ಲಾಕ್ ಎನ್ನುತ್ತಾರೆ, ಅದನ್ನು ಸೇರಿಸಿದವರಿಗೆ ಬಹುಮಾನ ಸಿಗುತ್ತದೆ. ಈ ಜಾಲ ಪ್ರತಿ 2016 ಬ್ಲಾಕಿಗೊಮ್ಮೆ, ಅಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಮೈನಿಂಗಿನ ಕಷ್ಟದ ಮಟ್ಟವನ್ನು ಹೊಂದಿಸಿಕೊಳ್ಳುತ್ತದೆ. ಹೊಸ ಯಂತ್ರಗಳು ಬಂದಷ್ಟೂ ಹಳೆಯವುಗಳ ಪಾಲು ಕರಗುತ್ತದೆ. 2024ರ ಏಪ್ರಿಲಿನಲ್ಲಿ ಬ್ಲಾಕಿನ ಬಹುಮಾನ 6.25ರಿಂದ 3.125 ನಾಣ್ಯಕ್ಕೆ ಇಳಿಯಿತು. ಮೈನಿಂಗಿಗೆಂದೇ ತಯಾರಾದ ಏಸಿಕ್ ಯಂತ್ರಗಳೆದುರು ಗ್ರಾಫಿಕ್ಸ್ ಕಾರ್ಡು ಆ ಜಾಲದಲ್ಲಿ ಎಂದೋ ಸೋತಿದೆ.

ಕಾರ್ಡಿನವರಿಗೆ ಆಸರೆಯಾಗಿದ್ದದ್ದು ಇಥೀರಿಯಂ ಎಂಬ ಇನ್ನೊಂದು ಜಾಲ. ಅಲ್ಲಿ ಮೈನಿಂಗಿಗೆ ಕಾರ್ಡಿನ ಮೆಮೊರಿಯಲ್ಲಿ ಇರಬೇಕಾದ ದತ್ತಾಂಶದ ಕಡತ ಬೆಳೆಯುತ್ತಾ ಹೋಗಿ, 2020ರ ಕೊನೆಯ ಹೊತ್ತಿಗೆ 4 ಜಿಬಿ ಮೆಮೊರಿಯ ಅಗ್ಗದ ಕಾರ್ಡುಗಳು ಈ ಕೆಲಸಕ್ಕೆ ಬಾರದಾದವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗನ್ನೇ ಕೈಬಿಟ್ಟಿತು. ಉಳಿದ ಚಿಕ್ಕ ನಾಣ್ಯಗಳತ್ತ ಎಲ್ಲರೂ ನುಗ್ಗಿದ್ದರಿಂದ ಅಲ್ಲಿಯೂ ಗಳಿಕೆ ಕುಸಿಯಿತು.

ನನ್ನನ್ನು ಕಾಡುವುದು ಸಾಲ ಮಾಡಿ ರಿಗ್ ಕಟ್ಟುವ ಹುಡುಗರ ಚಿಂತೆ. ಇಂದಿನ ದಿನದ ಗಳಿಕೆಯನ್ನು 365ರಿಂದ ಗುಣಿಸಿ ವರ್ಷದ ಆದಾಯವೆಂದು ನಂಬುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಇರುವ ಒಂದೇ ಕಾರ್ಡಿಗೆ ವ್ಯಾಟ್ ಮೀಟರ್ ಹಾಕಿ ಒಂದು ತಿಂಗಳು ಓಡಿಸಿ. ಪೂಲಿನ (ಸೇರಿ ಮೈನಿಂಗ್ ಮಾಡಿ ಗಳಿಕೆ ಹಂಚಿಕೊಳ್ಳುವ ಗುಂಪಿನ) ಶುಲ್ಕ, ಕರೆಂಟು ಕಳೆದು ಏನುಳಿಯಿತೆಂದು ಬರೆದಿಡಿ. ಗಳಿಕೆ ಅರ್ಧಕ್ಕಿಳಿದರೂ ಕರೆಂಟಿನ ಖರ್ಚು ಗಿಟ್ಟುವಂತಿದ್ದರೆ ಮಾತ್ರ ಎರಡನೆಯ ಕಾರ್ಡಿನ ಮಾತು.

ನಮಸ್ಕಾರ.